ನೀರು ನಿಲ್ಲುವ ಗೆರೆ

ಕಟ್ಟೆ ಎಂದರೆ ಮೈಸೂರಿನವರಿಗೆ ಈಗ ಒಂದೇ ಕಟ್ಟೆ, ನದಿಗೆ ಅಡ್ಡಲಾಗಿ ಎದ್ದದ್ದು. ಭಾನುವಾರ ಬಂತೆಂದರೆ ನಮ್ಮ ಲಷ್ಕರ್ ಮೊಹಲ್ಲದ ಅರ್ಧ ಬೀದಿ ಬುತ್ತಿ ಕಟ್ಟಿಕೊಂಡು ಅದನ್ನು ನೋಡಲು ಹೊರಡುತ್ತದೆ. ನಾವು ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಷ್ಟರಲ್ಲಿ ಬಾಡಿಗೆ ಮೋಟಾರು ಬಂದು ನಿಂತಿರುತ್ತದೆ. ಬೆಳಿಗ್ಗೆ ಗುಮಾಸ್ತರಾಗಿ ಹೋದವರು ಸಂಜೆ ಇಂಜಿನಿಯರುಗಳಾಗಿ ವಾಪಸು ಬರುತ್ತಾರೆ. "ಪ್ರಪಂಚದಲ್ಲೇ ಇಂಥಾವು ಎರಡೋ ಮೂರೋ ಇರೋದಂತೆ ಕಣ್ರೀ. ನೀವು ಅದರ ನಕ್ಷೆ ಬರೆದೋರು, ನೀವೇ ನೋಡಿಲ್ಲ ಅಂದ್ರೆ ಏನ್ರೀ?" ಎಂದು ನನ್ನನ್ನು ಹಿಡಿದುಕೊಳ್ಳುತ್ತಾರೆ. ಮೊಣಕಾಲು ನೋವು ಎಂದು ನಾನು ತಪ್ಪಿಸಿಕೊಳ್ಳುತ್ತೇನೆ. ಮೊಣಕಾಲು ಚೆನ್ನಾಗಿಯೇ ಇದೆ.

ನಕ್ಷೆ ಬರೆದವನೂ ನಾನಲ್ಲ. ಇಂಜಿನಿಯರುಗಳು ಕಾಗದದ ಮೇಲೆ ಬರೆದದ್ದರ ಮೇಲೆ ಗಂಜಿ ಹಾಕಿದ ತೆಳುವಾದ ಬಟ್ಟೆ ಹಾಸಿ, ಅಡಿಯಲ್ಲಿ ಕಂಡ ಗೆರೆಯನ್ನೇ ಮಸಿಯಲ್ಲಿ ಎಳೆಯುವುದು ನಮ್ಮ ಕೆಲಸ. ಟ್ರೇಸರ್ ಎನ್ನುತ್ತಿದ್ದರು. ಕಚೇರಿಯಲ್ಲಿ ನಾವು ಆರು ಜನ ಇದ್ದೆವು. ಅವರಲ್ಲಿ ಒಬ್ಬರು, ನನ್ನ ಪಕ್ಕದ ಮೇಜಿನವರು, ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ಎಳೆದ ನೂರಾರು ಹಾಳೆಗಳ ಮೂಲೆಯಲ್ಲಿ ದೊಡ್ಡವರ ರುಜುಗಳಿದ್ದವು, ಇವರ ಹೆಸರು ಒಂದರಲ್ಲೂ ಇರಲಿಲ್ಲ. ನಾವೆಲ್ಲ ಅವರನ್ನು ಗೌಡರೇ ಎನ್ನುತ್ತಿದ್ದೆವು. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವರು. ನನ್ನನ್ನು ತಮ್ಮ ಎಂದು ಕರೆಯುತ್ತಿದ್ದರು.

ನದಿಯ ಕಡೆಯ ಒಂದು ಹಳ್ಳಿಯಿಂದ ಓದಲು ಮೈಸೂರಿಗೆ ಬಂದು, ಲೋಯರ್ ಸೆಕೆಂಡರಿ ಮುಗಿಸಿ, ದುಂಡಗಿನ ಕೈಬರಹದ ಬಲದಿಂದ ಕೆಲಸ ಹಿಡಿದವರು ಅವರು. ಆ ಬಲಗೈಯನ್ನು ಅವರು ಜೋಪಾನ ಮಾಡುತ್ತಿದ್ದ ರೀತಿ ನೋಡಬೇಕಿತ್ತು. ಬಾವಿಯಿಂದ ನೀರು ಸೇದುವುದು, ಸೌದೆ ಎತ್ತುವುದು, ಚೀಲ ಹೊರುವುದು ಎಲ್ಲ ಎಡಗೈಯಲ್ಲೇ. ಭಾರ ಎತ್ತಿದ ಕೈ ಮರುದಿನ ಗೆರೆಯಲ್ಲಿ ನಡುಗುತ್ತದೆ ಎಂದು ಅವರ ಲೆಕ್ಕ. ಈರನಗೆರೆಯ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಮುಂದೆ ದೂರು ಹೇಳುತ್ತಿದ್ದರು. "ಇವರ ಬಲಗೈಗೆ ಕಚೇರಿ ಜೊತೆ ಮದುವೆ ಆಗೋಗಿದೆ ಕಣಪ್ಪ. ನನಗೆ ಬಂದಿರೋದು ಎಡಗೈ ಒಂದೇ."

ಉದ್ದನೆಯ ಬಾಗುಗೆರೆ ಎಳೆಯುವಾಗ ಅವರು ಎದ್ದು ನಿಲ್ಲುತ್ತಿದ್ದರು. ಬಟ್ಟೆಯ ಮೇಲೆ ಸೀಮೆಸುಣ್ಣದ ಪುಡಿ ಸವರಿ, ಒರೆಸಿ, ಪೆನ್ನಿಗೆ ಮಸಿ ತುಂಬಿ, ಉಸಿರು ಹಿಡಿದು ಹೊರಟರೆಂದರೆ ಗೆರೆ ಮುಗಿಯುವ ತನಕ ಕೋಣೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಮುಗಿದ ಮೇಲೆ ಅವರೊಂದು ದೊಡ್ಡ ಉಸಿರು ಬಿಡುತ್ತಿದ್ದರು. ನಾವೂ ಬಿಡುತ್ತಿದ್ದೆವು. ನಾನು ಆ ಕೆಲಸವನ್ನು ಕಲಿತದ್ದು ಅವರನ್ನು ನೋಡಿ, ಆದರೆ ಅವರ ಹಾಗೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಮಾತಿನಲ್ಲಿ ಮಾತ್ರ ಅವರು ಯಾವುದನ್ನೂ ಗಟ್ಟಿಯಾಗಿ ಹೇಳಿದವರಲ್ಲ. ಮಳೆ ಬರುತ್ತದಾ ಎಂದರೆ "ಬಂದ್ರೂ ಬರಬೌದು", ಊಟ ಆಯಿತಾ ಎಂದರೆ "ಆದಂಗೇ". ನಮ್ಮ ಹೆಡ್ ಗುಮಾಸ್ತರಿಗೆ ಇಂಗ್ಲಿಷ್ ಪತ್ರಿಕೆಗಳ ಹುಚ್ಚು. ಕಟ್ಟೆಯ ಕೆಲಸ ಶುರುವಾದ ಮೇಲೆ ಅವರು ಭೂಮಿಯ ಮೇಲಿನ ದೊಡ್ಡ ದೊಡ್ಡ ಕಟ್ಟಡಗಳ ಸುದ್ದಿಯನ್ನೆಲ್ಲ ಓದಿಕೊಂಡು ಬಂದು ಕಾಫಿಯ ಹೊತ್ತಿಗೆ ನಮಗೆ ಬಡಿಸುತ್ತಿದ್ದರು. ಈಜಿಪ್ಟಿನ ಪಿರಮಿಡ್ಡು, ಚೀನಾದ ಗೋಡೆ, ಎರಡು ಸಮುದ್ರ ಸೇರಿಸಲು ಅಗೆದ ಕಾಲುವೆ. ನಾವು ಬಾಯಿ ತೆರೆದುಕೊಂಡು ಕೇಳುತ್ತಿದ್ದೆವು. ಗೌಡರದು ಎಲ್ಲದಕ್ಕೂ ಒಂದೇ ಪ್ರಶ್ನೆ.

"ಅಲ್ಲಿ ಮೊದಲು ಏನಿತ್ತಂತೆ?"

"ಮರಳು ಕಣ್ರೀ, ಬರೀ ಮರಳು."

"ಬರೀ ಮರಳಾ? ಯಾರಾದ್ರೂ ಇದ್ದೇ ಇರ್ತಾರೆ ಸ್ವಾಮಿ."

ಹೆಡ್ ಗುಮಾಸ್ತರಿಗೆ ರೇಗುತ್ತಿತ್ತು. ನಾವು ನಗುತ್ತಿದ್ದೆವು. ಗೌಡರು ಅದನ್ನು ಕೊಂಕಿನಿಂದ ಕೇಳುತ್ತಿರಲಿಲ್ಲ. ಹೊಲ ಗದ್ದೆ ನೋಡಿ ಬೆಳೆದವರಿಗೆ ಖಾಲಿ ಜಾಗ ಎನ್ನುವುದೇ ನಂಬಿಕೆಯಾಗುತ್ತಿರಲಿಲ್ಲ, ಅಷ್ಟೇ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ, ಅವರೆಕಾಯಿ ತಿನ್ನಲು ಬಾ ಎಂದು ನನ್ನನ್ನು ಅವರ ತಂಗಿಯ ಊರಿಗೆ ಕರೆದುಕೊಂಡು ಹೋದರು. ಇವರಿಗೆ ಇದ್ದದ್ದು ಆ ಒಬ್ಬಳೇ ತಂಗಿ. ಬೆನ್ನ ಮೇಲೆ ಹೊತ್ತು ಬೆಳೆಸಿದವರು. ಹಳೆಯ ಮನೆ ಸಾಲದೆ ಆಕೆ ಮತ್ತು ಆಕೆಯ ಗಂಡ ಕಣದ ಪಕ್ಕದ ದಿಣ್ಣೆಯಲ್ಲಿ ತೊಟ್ಟಿಮನೆ ಕಟ್ಟಬೇಕೆಂದು ವರ್ಷಗಳಿಂದ ಕಲ್ಲು ಮರ ಕೂಡಿಹಾಕಿದ್ದರು. ಆಕೆ ನಮಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನಾನು ಕ್ರೈಸ್ತನೆಂದು ಎಲೆ ಬೇರೆ ಹಾಕಲಿಲ್ಲ, ಅಣ್ಣನ ಪಕ್ಕದಲ್ಲೇ ಹಾಕಿದರು. ಬೇಡ ಬೇಡವೆಂದರೂ ಇನ್ನೊಂದು ಮುದ್ದೆ ಇಟ್ಟರು. ಊಟ ಆದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದರು.

"ಕಟ್ಟೆ ಕಟ್ತಾವ್ರೆ, ನೀರು ಬತ್ತದೆ ಅಂತಾರಲ್ಲಣ್ಣ. ಮನೆ ಕಟ್ಲೋ ಬ್ಯಾಡ್ವೋ?"

ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಗೆರೆಯನ್ನು ಆ ಚಳಿಗಾಲದಲ್ಲಿ ಗೌಡರೇ ಎಳೆದಿದ್ದರು. ಪಕ್ಕದಲ್ಲಿ ಕೂತು ನಾನೂ ನೋಡಿದ್ದೆ. ತಂಗಿಯ ಊರು ಗೆರೆಯಿಂದ ಆಚೆ, ಒಣನೆಲದಲ್ಲಿತ್ತು. ಆದರೆ ಕಚೇರಿಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು, ಆಡಿದರೆ ಕೆಲಸ ಹೋಯಿತು. ಗೌಡರು ಎದ್ದು ದಿಣ್ಣೆಯ ಮೇಲೆ ಹೋಗಿ ನಿಂತು ಇಳಿಜಾರನ್ನು ನೋಡಿದರು. ತಿರುಗಿ ಬಂದು ತಂಗಿಯ ತಲೆಯ ಮೇಲೆ ಕೈಯಿಟ್ಟರು. ಬಲಗೈ.

"ಕಟ್ಟವ್ವ. ನಿನ್ನ ಹೊಸಿಲಿಗೆ ನೀರು ಬರಲ್ಲ. ನಾನು ಹೇಳ್ತೀನಲ್ಲ, ಕಟ್ಟು."

ಅವರು ಯಾವ ಮಾತನ್ನಾದರೂ ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಾಪಸು ದಾರಿಯುದ್ದಕ್ಕೂ ಅವರು ಹಗುರವಾಗಿ ನಡೆದರು. ಮನೆಗೆ ಯಾವ ದಿಕ್ಕಿಗೆ ಬಾಗಿಲು ಮಾಡಬೇಕು, ತೊಟ್ಟಿಗೆ ಎಷ್ಟು ಕಂಬ ಎಂದು ನನಗೆ ಹೇಳುತ್ತಲೇ ಇದ್ದರು.

ಮುಂದಿನ ವರ್ಷ ಕಟ್ಟೆಯನ್ನು ಇನ್ನೂ ಎತ್ತರ ಮಾಡುವುದೆಂದಾಯಿತು. ನೀರು ನಿಲ್ಲುವ ಗೆರೆಯ ಹೊಸ ಹಾಳೆ ಬಂತು. ಕೈ ಒಳ್ಳೆಯದೆಂದು ಅದೂ ಗೌಡರ ಮೇಜಿಗೇ ಬಂತು. ಬಟ್ಟೆ ಹಾಸಿ ಮೊಳೆ ಚುಚ್ಚಿ, ಅಡಿಯ ಗೆರೆಯ ಮೇಲೆ ಒಂದು ಸಲ ಬೆರಳು ನಡೆಸಿ ನೋಡುವುದು ಅವರ ರೂಢಿ. ಬೆರಳು ಒಂದು ಕಡೆ ನಿಂತುಬಿಟ್ಟಿತು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ನಡೆಸಿದರು. "ತಮ್ಮ, ಇಲ್ಲಿ ನೋಡು" ಎಂದರು. ಗೆರೆ ತಂಗಿಯ ಊರನ್ನು ದಾಟಿ, ಕಣವನ್ನು ದಾಟಿ, ದಿಣ್ಣೆಯನ್ನೂ ದಾಟಿ ಮೇಲೆ ಹೋಗಿತ್ತು.

ನಾನು ಆಗ ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ. "ಗೌಡ್ರೇ, ಬಾಯಿ ಬಿಡಬೇಡಿ. ಕೆಲಸ ಹೋಗ್ತದೆ. ನಿಮ್ಮದು ಹೋದ್ರೆ ನಂದೂ ಹೋಗ್ತದೆ. ನಾನು ನಿಮ್ಮ ಜೊತೆ ಆ ಊರಿಗೆ ಹೋಗಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ಬಸುರಿ." ಹೇಗೂ ಆರು ತಿಂಗಳಿಗೋ ವರ್ಷಕ್ಕೋ ಸರ್ಕಾರವೇ ಊರಿನವರಿಗೆ ತಿಳಿಸುತ್ತದೆ, ಅಷ್ಟರಲ್ಲಿ ಏನಾಗುತ್ತದೆ ಎಂದೂ ಸೇರಿಸಿದೆ. ಅಷ್ಟರಲ್ಲಿ ಏನಾಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆ ಎದ್ದಿದೆ, ಇನ್ನು ಚಾವಣಿ ಎಂದು ಹಿಂದಿನ ವಾರವೇ ಸುದ್ದಿ ಬಂದಿತ್ತು.

ಅವರು ಹೂಂ ಎಂದರು. ಎದ್ದು ನಿಂತು, ಉಸಿರು ಹಿಡಿದು ಆ ಗೆರೆ ಎಳೆದರು. ಎಲ್ಲಿಯೂ ದಪ್ಪವಾಗಲಿಲ್ಲ, ಎಲ್ಲಿಯೂ ನಡುಗಲಿಲ್ಲ. ಅವರು ಎಳೆದದ್ದರಲ್ಲೆಲ್ಲ ಒಳ್ಳೆಯ ಗೆರೆ ಅದು. ಮರುದಿನದಿಂದ ಜ್ವರವೆಂದು ಎರಡು ದಿನ ರಜ ಹಾಕಿದರು.

ಹಳೆಯ ಗೆರೆಯ ಹಾಳೆಗಳು ರದ್ದಾದವು. ರದ್ದಾದ ಬಟ್ಟೆಗೆ ನಮ್ಮಲ್ಲಿ ಬಹಳ ಗಿರಾಕಿ. ಕುದಿಸಿ ಗಂಜಿ ತೆಗೆದರೆ ಒಳಗಿನದು ಒಳ್ಳೆಯ ನಯವಾದ ನೂಲುಬಟ್ಟೆ. ಟ್ರೇಸರುಗಳ ಮನೆಯ ಮಕ್ಕಳೆಲ್ಲ ಅದರ ಅಂಗಿಯಲ್ಲೇ ಬೆಳೆದವರು. ತುಂಡು ಮಾಡಿ ಹಂಚಿಕೊಳ್ಳುವಾಗ ಗೌಡರು ತಮ್ಮ ಪಾಲಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ತಂಗಿಯ ಊರು ಒಣನೆಲದಲ್ಲಿದ್ದ ತುಂಡು. "ನಿನ್ನ ಮಗೂಗೆ ಆಗ್ತದೆ ತಗೋ. ನನ್ನ ಕಣ್ಣ ಮುಂದೆ ಬೇಡ" ಎಂದರು. ನಾನು ತೆಗೆದುಕೊಂಡೆ. ನನ್ನ ಹೆಂಡತಿ ಅದರಲ್ಲಿ ಮಗುವಿಗೆ ಚರ್ಚಿನ ಜ್ಞಾನಸ್ನಾನದ ನಿಲುವಂಗಿ ಹೊಲಿದಳು. ಎಷ್ಟು ಕುದಿಸಿದರೂ ಅಂಚಿನ ಹತ್ತಿರ ಒಂದು ಬೂದುಬಣ್ಣದ ಬಾಗುಗೆರೆ ಉಳಿದೇ ಉಳಿಯಿತು. ಅದು ಕಾಣದ ಹಾಗೆ ಅವಳು ಲೇಸು ಹಚ್ಚಿದಳು.

ಜ್ಞಾನಸ್ನಾನದ ವಾರ ನಾನು ರಜದಲ್ಲಿದ್ದೆ. ವಾಪಸು ಬಂದಾಗ ಗೌಡರ ಮೇಜಿನಲ್ಲಿ ಬೇರೊಬ್ಬರು ಕೂತಿದ್ದರು. ಗೌಡರನ್ನು ತಾರಸಿಗೆ, ನೀಲಿ ನಕ್ಷೆ ಇಳಿಸುವ ಕೆಲಸಕ್ಕೆ ಹಾಕಿದ್ದರು. ನಮ್ಮ ಬಟ್ಟೆಯನ್ನು ಗಾಜಿನ ಚೌಕಟ್ಟಿನಲ್ಲಿ ಮದ್ದು ಬಳಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ಆಮೇಲೆ ಕಾಗದವನ್ನು ತೊಟ್ಟಿಯ ನೀರಿನಲ್ಲಿ ಅದ್ದುವ ಕೆಲಸ. ಓದುಬರಹ ಇಲ್ಲದವರೂ ಮಾಡಬಹುದಾದದ್ದು. ನಾನು ಓಡಿ ಮೇಲೆ ಹೋದೆ.

"ಇದೇನು ಗೌಡ್ರೇ?"

"ಕಣ್ಣು ಮಂಜಾಯ್ತು ಕಣ ತಮ್ಮ. ಗೆರೆ ಎರಡೆರಡು ಕಾಣ್ತದೆ. ನಾನೇ ಕೇಳ್ಕೊಂಡು ಬಂದೆ."

ಆಮೇಲೆ ಅದೇ ತಾರಸಿಯ ಮೇಲೆ ನಿಂತು, ದೂರದ ದೊಡ್ಡಗಡಿಯಾರದ ಮುಳ್ಳು ನೋಡಿ ಅವರು ನನಗೆ ಹೊತ್ತು ಹೇಳುತ್ತಿದ್ದರು. ನನಗೆ ಅಲ್ಲಿಂದ ಗೋಪುರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇದನ್ನು ಎಷ್ಟೋ ಸಲ ಕಂಡೆ. ಒಂದು ಸಲವೂ ಯೋಚನೆ ಮಾಡಲಿಲ್ಲ. ನನಗೆ ಅವರ ಕಣ್ಣು ಮಂಜಾಗಿರುವುದೇ ಅನುಕೂಲವಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಿವೃತ್ತಿಯ ತನಕ ಅವರು ಕೆಳಗೆ ಇಳಿಯಲಿಲ್ಲ. ಆ ಬಲಗೈಯಿಂದಲೇ ಬಕೆಟ್ಟು ಎತ್ತಿ ತೊಟ್ಟಿ ತುಂಬಿಸುತ್ತಿದ್ದರು. ಮದ್ದಿನ ನೀರಿಗೆ ಬೆರಳ ಸಂದಿಯೆಲ್ಲ ನೀಲಿಗಟ್ಟಿ ಬಿರಿದಿತ್ತು. ಒಂದು ದಿನ ಹಾಳೆಯೊಂದನ್ನು ನೀರಿಗೆ ಬಿಟ್ಟು, ಬಿಳಿಯ ಗೆರೆಗಳು ಮೂಡುವುದನ್ನು ನೋಡುತ್ತ ತಮ್ಮಷ್ಟಕ್ಕೆ ಎಂದರು: "ಮುಳುಗಿಸಿದ ಮೇಲೇ ಕಾಣೋದು ನೋಡು, ಎಲ್ಲೆಲ್ಲಿ ಏನೇನಿತ್ತು ಅಂತ." ಹೆಡ್ ಗುಮಾಸ್ತರು ಆಗಲೂ ದೊಡ್ಡ ಕಟ್ಟಡಗಳ ಸುದ್ದಿ ತರುತ್ತಿದ್ದರು. ಅಲ್ಲಿ ಮೊದಲು ಏನಿತ್ತು ಎಂದು ಕೇಳುವವರು ಯಾರೂ ಇರಲಿಲ್ಲ.

ತಂಗಿಯ ಊರಿಗೆ ನೋಟೀಸು ಹೋದದ್ದು ಮುಂದಿನ ವರ್ಷ. ಆ ಹೊತ್ತಿಗೆ ಹೊಸ ಮನೆಗೆ ಹೆಂಚು ಹೊದಿಸಿ, ಹಾಲುಕ್ಕಿಸಿ ಆಗಿತ್ತಂತೆ. ಊರೆಲ್ಲ ಎದ್ದು ದೂರದ ಎತ್ತರದ ಬೋರೆಯ ಮೇಲೆ ಹೊಸ ಹಳ್ಳಿ ಮಾಡಿಕೊಂಡಿತು. ಕಟ್ಟೆಯಲ್ಲಿ ಮೊದಲು ನೀರು ನಿಂತಾಗ ಕಚೇರಿಯವರನ್ನೆಲ್ಲ ನೋಡಲು ಕರೆದುಕೊಂಡು ಹೋದರು. ಗೌಡರು ಬರಲಿಲ್ಲ. ಅವರು ಬರಲಿಲ್ಲವೆಂದು ನಾನೂ ಹೋಗಲಿಲ್ಲ. ಅದೊಂದು ದೊಡ್ಡ ತ್ಯಾಗವೆಂದು ಆಗ ನನಗೆ ಹೆಮ್ಮೆಯಿತ್ತು.

ಆಮೇಲೆ ತಂಗಿ ಮೈಸೂರಿನ ಕಡೆ ಸುಳಿಯಲಿಲ್ಲ. ಗೌಡರ ಇಬ್ಬರು ಹೆಣ್ಣುಮಕ್ಕಳ ಮದುವೆಗೂ ಸೋದರತ್ತೆ ಬರಲಿಲ್ಲ. ಗೌಡರೂ ಅತ್ತ ಹೋಗಲಿಲ್ಲ. ಅಣ್ಣ ಮೋಸ ಮಾಡಿದ ಎಂದು ಆಕೆಗೆ ಸಿಟ್ಟು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಇವರಿಗೆ ಅಳುಕು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. "ಪಾಪ, ಇವರಾದರೂ ಏನು ಮಾಡೋ ಹಾಗಿತ್ತು? ಕೆಲಸ ಬಿಡೋಕಾಗ್ತಿತ್ತಾ?" ಎಂದು ಒಂದು ಸಲ ಅವರ ಹೆಂಡತಿಯ ಮುಂದೆ, ತಂಗಿಯದೇ ತಪ್ಪೆಂಬಂತೆ ಅಂದೂಬಿಟ್ಟೆ. ಗೌಡರು ಅಲ್ಲೇ ಇದ್ದರು, ಮಾತು ಬದಲಾಯಿಸಿದರು. ಅವರ ಜೊತೆ ಕೂತಾಗಲೆಲ್ಲ ನನಗೊಂದು ಸಮಾಧಾನವಿತ್ತು. ಒಂದೇ ತಪ್ಪನ್ನು ಇಬ್ಬರು ಮಾಡಿದ್ದೇವೆ, ಅರ್ಧರ್ಧ ಹೊತ್ತಿದ್ದೇವೆ ಎಂಬ ಸಮಾಧಾನ. ಹದಿನೆಂಟು ವರ್ಷ ನಾನು ಅದರಲ್ಲೇ ಬದುಕಿದೆ.

ಅವರ ತಿಥಿಯ ದಿನ ಈರನಗೆರೆಗೆ ಹೋದೆ. ಜಗಲಿಯ ಮೇಲೆ ಕಂಬಕ್ಕೆ ಒರಗಿ, ಬರಿಯ ಹಣೆಯ ಮುದುಕಿಯೊಬ್ಬರು ಕೂತಿದ್ದರು. ಹಳ್ಳಿಯಿಂದ ಬಂದವರಿರಬೇಕೆಂದು ನಾನೂ ಪಕ್ಕದಲ್ಲಿ ಕೂತೆ. ಆಕೆಯೇ ಮೊದಲು ಗುರುತು ಹಿಡಿದರು.

"ಅವರೆಕಾಯಿ ಕಾಲ್ದಲ್ಲಿ ಬಂದಿದ್ರಲ್ಲ, ಅವ್ರೇ ಅಲ್ವಾ ಸ್ವಾಮಿ?"

ಗೌಡರ ತಂಗಿ! ಹೌದೆಂದೆ. ಏನು ಮಾತಾಡುವುದೋ ತಿಳಿಯದೆ, ಈಗಲಾದರೂ ಸಿಟ್ಟು ಬಿಟ್ಟು ಬಂದಿರಲ್ಲ, ಒಳ್ಳೆಯದಾಯಿತು ಎಂದೆ.

"ಸಿಟ್ಟಾ? ಯಾರ್ ಮ್ಯಾಲೆ ಸಿಟ್ಟು? ಅವ್ನು ಬಂದು ಏಳ್ಬುಟ್ಟಿದ್ನಲ್ಲ."

"ಏನು ಹೇಳಿದ್ರು?"

"ಗೆರೆ ಮ್ಯಾಕೆ ಓಗ್ಯದೆ, ನೀರು ಬತ್ತದೆ, ಚಾವಣಿ ಆಕ್‌ಬ್ಯಾಡಿ, ಮರಾನೆಲ್ಲ ಎತ್ಕಳಿ ಅಂತ. ಆಪೀಸಿಗೆ ಜ್ವರ ಅಂತ ಏಳಿ ಬಂದಿದ್ದ. ನಡ್ಕಂಡೇ ಬಂದಿದ್ದ, ಕಾಲೆಲ್ಲ ಊದಿತ್ತು. ನಾವು ನಂಬ್ಲಿಲ್ಲ ಕಣಪ್ಪ. ಬರಲ್ಲ ಅಂದೋನೂ ಇವ್ನೇ, ಬತ್ತದೆ ಅನ್ನೋನೂ ಇವ್ನೇ. ಯಾವ್ದು ದಿಟ ಅಂತ ಆಪೀಸ್ನಲ್ಲೇ ಕೇಳ್ಕಂಡ್ ಬತ್ತೀನಿ ಅಂತ ನಮ್ ಯಜಮಾನ್ರು ಒಂದಿನ ಮೈಸೂರಿಗೆ ಒಂಟ್ರು."

ಆಕೆ ಹೇಳುತ್ತಲೇ ಹೋದರು. ಗಂಡ ಕಚೇರಿಯ ದೊಡ್ಡ ಸಾಹೇಬರ ಮುಂದೆ ನಿಂತು, ಕೈಮುಗಿದು, "ನಮ್ ಭಾವ ಇಂಗಂತಾನೆ, ದಿಟವಾ ಬುದ್ಧಿ?" ಎಂದು ಕೇಳಿದರಂತೆ. ಅವರ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಊರಿನಲ್ಲಿ ಒಬ್ಬನ ಮಾತಿನ ಮೇಲೆ ಅನುಮಾನ ಬಂದರೆ ಯಜಮಾನನ ಹತ್ತಿರ ಹೋಗಿ ಕೇಳುವುದೇ ರೂಢಿ.

"ಅಲ್ಲಿಗೇ ಅವ್ನ ಕರ್ಸುದ್ರಂತೆ. ಅವ್ನು ಇಲ್ಲ ಅನ್ನಲಿಲ್ಲ. ನಾನೇ ಏಳ್ದೆ, ಇದ್ರಲ್ಲಿ ಬ್ಯಾರೆ ಯಾರ್ದೂ ಪಾಲಿಲ್ಲ ಅಂದ್ನಂತೆ. ಯಾರ್ದೂ ಇಲ್ಲ ಅಂತ ಎಲ್ಡೆಲ್ಡ್ ಸಲ ಅಂದ್ನಂತೆ. ಇನ್ನೂ ಏನೂ ತೀರ್ಮಾನ ಆಗಿಲ್ಲ, ಓಗಪ್ಪ ಅಂತ ಸಾಯೇಬ್ರು ನಮ್ಮೋರ್ನ ಕಳ್ಸುದ್ರು. ನಮ್ಮೋರು ಕುಸಿಯಾಗ್ ಬಂದ್ರು. ಮಾರ್ನೆ ವಾರ ಎಂಚು ಆಕ್ಬುಟ್ವು." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೋಟೀಸ್ ಬಂದ್ ಮ್ಯಾಲೆ ಗೊತ್ತಾಯ್ತು, ಅವ್ನ ಅನ್ನಕ್ಕೆ ಮಣ್ಣಾಕಿದ್ದು ನಾವೇ ಅಂತ. ಯಾವ್ ಮೊಕ ಇಟ್ಕಂಡ್ ಇವ್ನ ಮನೆ ಮೆಟ್ಲು ಅತ್ಲಿ? ನಮ್ಮೋರು ಓದ್ ವರ್ಸ ಸಾಯೋವಾಗ್ಲೂ ಅದೇ ಅಂದ್ರು, ಭಾವುನ್ ಮುಂದೆ ಒಂದ್ಸಲ ಕೈ ಮುಗೀಬೇಕಿತ್ತು ಅಂತ."

ಒಳಗಿನಿಂದ ಊಟಕ್ಕೆ ಕರೆದರು. ಆಕೆ ಎದ್ದು ಹೋದರು. ನಾನು ಜಗಲಿಯಲ್ಲೇ ಉಳಿದೆ. ಬೇರೆ ಯಾರ ಪಾಲೂ ಇಲ್ಲ ಎಂದು ಎರಡೆರಡು ಸಲ ಹೇಳಿದ್ದು ಯಾರಿಗಾಗಿ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಅದಕ್ಕಾಗಿ ಅವರನ್ನು ತಾರಸಿಗೆ ಹಾಕಿದ ಆ ವಾರ ನಾನು ಚರ್ಚಿನಲ್ಲಿ, ಅವರು ಕೊಟ್ಟ ಬಟ್ಟೆ ತೊಡಿಸಿದ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಆಮೇಲೆ ಅಷ್ಟು ವರ್ಷ ತಾರಸಿಯ ಮೇಲೆ, ಈ ಜಗಲಿಯ ಮೇಲೆ ಪಕ್ಕದಲ್ಲಿ ಕೂತಿದ್ದರೂ ಅವರು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ನಾವಿಬ್ಬರೂ ಸುಮ್ಮನಿದ್ದೆವು ಎಂದುಕೊಂಡಿದ್ದೆ. ಸುಮ್ಮನಿದ್ದವನು ನಾನೊಬ್ಬನೇ.

ಪಂಕ್ತಿಯಲ್ಲಿ ಕೂತೆ. ಆಕೆಯೇ ಬಡಿಸಲು ಬಂದರು. ಎಲೆಗೆ ಅನ್ನ ಹಾಕಿ, ಸಾರಿನ ಸೌಟು ಎತ್ತಿ, ಬಗ್ಗಿದವರು ಹಾಗೇ ನಿಂತು ಕೇಳಿದರು.

"ನೀವೂ ಅದೇ ಆಪೀಸ್ನಲ್ಲಿ ಅವ್ನ ಪಕ್ಕದಲ್ಲೇ ಇದ್ರಲ್ಲ ಸ್ವಾಮಿ. ನಿಮ್ಗೂ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಇನ್ನು ಯಾರಿಗೂ ನಷ್ಟವಿರಲಿಲ್ಲ.

"ಗೊತ್ತಿತ್ತು ಕಣಮ್ಮ" ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಎತ್ತಿದ ಸೌಟನ್ನು ಹಾಗೇ ಹಿಡಿದುಕೊಂಡು ಪಕ್ಕದ ಎಲೆಗೆ ಹೋದರು.